ಮೊದಲ ಹೆಸರು

ದಾವಣಗೆರೆ ದಾಟುತ್ತಲೇ ಹುಳಿ ಜೋಳದ ವಾಸನೆ ಬಂದರೆ
ಅದು ನಮ್ಮ ಸ್ಟಾರ್ಚ್ ಫ್ಯಾಕ್ಟರಿ. ಈಗ ಹಾಲೆಂಡಿನವರದು.
ಕೈ ಬದಲಾದ ಮೂರನೇ ವಾರ
ಕೊರಳಿಗೆ ಹೊಸ ಬಿಲ್ಲೆ ಬಂದವು, ನೀಲಿ ದಾರದಲ್ಲಿ.
ಇನ್ನು ಇಲ್ಲಿ ಸಾರ್ ಇಲ್ಲ, ಸಾಹುಕಾರ್ರಿಲ್ಲ,
ಎಲ್ಲರೂ ಎಲ್ಲರನ್ನೂ ಮೊದಲ ಹೆಸರಿನಿಂದ ಕರೆಯತಕ್ಕದ್ದು
ಎಂದು ಸುತ್ತೋಲೆ. ಓದಿ ಹೇಳಿದವಳು ನಾನೇ,
ಟೈಮ್ ಆಫೀಸಿನ ಎಚ್. ದಾಕ್ಷಾಯಣಿ.

ಅವರ ಯಂತ್ರಕ್ಕೆ ಇನಿಷಿಯಲ್ಲು ಅಂದರೇನು ಗೊತ್ತಿಲ್ಲ.
ಬಿಡಿಸಿ ಬರೆ ಅಂದಿತು, ಬಿಡಿಸಿ ಬರೆದೆ.
ಮುಂದಿದ್ದದ್ದೇ ಮೊದಲ ಹೆಸರು ಅಂದುಕೊಂಡಿತು.
ಹಾಗಾಗಿ ನಾನು ಹದಡಿ.
ಬಾಯ್ಲರಿನ ಮುರಿಗೆಪ್ಪ ಆನಗೋಡು,
ಲ್ಯಾಬಿನ ಹುಡುಗಿ ಲೋಕಿಕೆರೆ.
ಗೇಟಿನ ರಹಮತುಲ್ಲಾ ಸಾಬರಿಗೆ ಇನಿಷಿಯಲ್ಲೇ ಇಲ್ಲ,
ಖಾಲಿ ಬಿಡಂಗಿಲ್ಲ ಅಂತ ಕೆಂಪು ಗೆರೆ ಕುಣಿಯಿತು,
ಎರಡು ಸಲ ಬರೆದೆ:
ರಹಮತುಲ್ಲಾ ರಹಮತುಲ್ಲಾ,
ಊಟಕ್ಕೆ ಕರೆಯುವ ತಾಯಿಯ ಹಾಗೆ.

"ಗುಡ್ ಮಾರ್ನಿಂಗ್ ಹದಡಿ" ಅನ್ನುತ್ತಾನೆ ಯಾಸ್ಪರ್,
ಬಾಗಿಲಿಗೆ ತಲೆ ಬಗ್ಗಿಸಿ ಬರುವಷ್ಟು ಉದ್ದದವನು.
ನನ್ನೊಳಗೆ ಒಂದು ಕೆರೆ ಏರಿ, ಒಂದು ಹಿಟ್ಟಿನ ಗಿರಣಿ,
ನಾಲ್ಕು ಎಮ್ಮೆ ತಲೆಯೆತ್ತಿ ನೋಡುತ್ತವೆ.

ಹಳೆಯ ಸಾಹುಕಾರ್ರು ಬೈಯುತ್ತಿದ್ದರು,
ಮೆಕ್ಕೆಜೋಳದ ರಾಶಿಯ ಮೇಲೆ ನಿಂತು, ವಂಶ ಜಾಲಾಡಿಸಿ.
ನಾಲ್ಕು ಗಂಟೆಗೆ ತಾವೇ ಮಂಡಕ್ಕಿ ಮೆಣಸಿನಕಾಯಿ ತರಿಸಿ
"ತಿನ್ನಲೇ, ಸಿಟ್ಟು ಹೊಟ್ಟ್ಯಾಗ ಇಟ್ಕಬ್ಯಾಡ" ಅನ್ನುತ್ತಿದ್ದರು.
ಯಾಸ್ಪರ್ ಬೈಯುವುದಿಲ್ಲ. ಕೂರಿಸಿ ಕೇಳುತ್ತಾನೆ:
ನನ್ನ ಬಗ್ಗೆ ನಿಮ್ಮ ಟೀಕೆ ಏನು?
ಮುರಿಗೆಪ್ಪ ಅರ್ಧ ಗಂಟೆ ಬೆವರಿ
"ಹೊತ್ತಿಗೆ ಸರಿಯಾಗಿ ಉಣ್ಣಲ್ಲ ನೀವು" ಅಂದು ಬಂದ.

ಸೋದರಮಾವ ಸತ್ತಾಗ ರಜೆಯ ಪಟ್ಟಿ ಬಿಚ್ಚಿದೆ:
ತಂದೆ, ತಾಯಿ, ಸಂಗಾತಿ, ಮಗು.
ಎತ್ತಿ ಆಡಿಸಿದವನಿಗೆ ಜಾಗವಿರಲಿಲ್ಲ.
'ಇತರೆ' ಒತ್ತಿದೆ. ಇತರೆಗೆ ಅರ್ಧ ದಿನ.

ಇದನ್ನೆಲ್ಲ ನಗುತ್ತ ಹೇಳಬಹುದು, ಹೇಳಿದ್ದೇನೆ ಕೂಡ,
ಸಿಟಿ ಬಸ್ಸಿನಲ್ಲಿ, ತಂಗಿಗೆ ಫೋನಿನಲ್ಲಿ.
ಹೇಳದೆ ಬಿಟ್ಟದ್ದು ಅಂಜಿನಪ್ಪನದು.

ಡಿ. ಅಂಜಿನಪ್ಪ. ಡಿ ಅಂದರೆ ಊರಲ್ಲ, ಅಪ್ಪ.
ಬಿಲ್ಲೆಯ ಮೇಲೆ ದಪ್ಪಕ್ಷರದಲ್ಲಿ ದುರುಗಪ್ಪ.
ದುರುಗಪ್ಪ ಇದೇ ಗೇಟಿನೊಳಗೆ ಹತ್ತೊಂಬತ್ತು ವರ್ಷ
ಜೋಳ ನೆನೆಯುವ ತೊಟ್ಟಿ ತೊಳೆದವನು.
ಒಂದು ಶ್ರಾವಣ ಸೋಮವಾರ ಮುಚ್ಚಳ ತೆಗೆದು ಇಳಿದ,
ಗಂಧಕದ ಗಾಳಿ ಮೊದಲೇ ಇಳಿದು ಕೂತಿತ್ತು.
ಸಾಹುಕಾರ್ರು ಅತ್ತರು, ನಿಜವಾಗಿಯೇ ಅತ್ತರು,
ಲಕೋಟೆ ಕೊಟ್ಟರು, ಮಗನಿಗೆ ಕೆಲಸ ಕೊಟ್ಟರು.
ಆ ದಿನದ ಹಾಜರಿ ಪುಸ್ತಕದಲ್ಲಿ ನನ್ನದೇ ಅಕ್ಷರ:
ದಿನಗೂಲಿ, ಹದಿನಾಲ್ಕು ಆಳು.
ಸಂಜೆ ಅದನ್ನು ಹದಿಮೂರು ಮಾಡಿದವಳೂ ನಾನೇ.
ಹೆಸರು ಬರೆದಿರಲಿಲ್ಲ; ಅಳಿಸುವ ಕಷ್ಟವೂ ಇರಲಿಲ್ಲ.

"ತಪ್ಪಾಗಿದೆ, ತಿದ್ದಿ ಕಳಿಸ್ತೀನಿ" ಅಂದೆ ಅಂಜಿನಪ್ಪನಿಗೆ.
ಅವನು ಬಿಲ್ಲೆಯನ್ನು ಅಂಗಿಗೆ ಒರೆಸಿದ, ಓದಿದ.
"ಅವಸರ ಏನೈತ್ರೀ ಮೇಡಂ. ಇರ್ಲಿ ಬಿಡ್ರಿ."

ಈಗ ತೊಟ್ಟಿಗೆ ಇಳಿಯಲು ನಾಲ್ಕು ಸಹಿ, ಒಂದು ಮೀಟರು,
ಸೊಂಟಕ್ಕೆ ಹಗ್ಗ, ಹೊರಗೊಬ್ಬ ಕಾವಲು.
ಒಂದು ತಾಸು ದಂಡ ಅಂತ ಹಳಬರಿಗೆ ಸಿಡಿಮಿಡಿ.
ಯಾಸ್ಪರ್ ಹಾಳೆ ನೋಡಿ ಕೂಗುತ್ತಾನೆ: ದುರುಗಪ್ಪ!
ತೂಕದ ಮನೆಯ ಬಳಿ ಇಬ್ಬರು ಮುದುಕರ ಸಲಿಕೆ ನಿಲ್ಲುತ್ತದೆ.
ಮಗ ಕೈಯೆತ್ತಿ ಮುಂದೆ ಬರುತ್ತಾನೆ,
ಮೀಟರನ್ನು ಕತ್ತಲೆಗೆ ಇಳಿಬಿಡುತ್ತಾನೆ,
ಹಸಿರು ದೀಪ ಹೊತ್ತಿದ ಮೇಲೂ
ಒಂದು ಗಳಿಗೆ ಹೆಚ್ಚಿಗೆ ಬಗ್ಗಿ ನೋಡುತ್ತಾನೆ.

ಚೀಟಿ ನನ್ನ ಮೇಜಿಗೆ ಬರುತ್ತದೆ:
ಒಳಗಿನ ಗಾಳಿ ಉಸಿರಾಡಬಹುದು. ಪರೀಕ್ಷಿಸಿದವರು, ದುರುಗಪ್ಪ.
ಕಡತಕ್ಕೆ ಹಾಕುತ್ತೇನೆ.
ತಿದ್ದುಪಡಿ ಅರ್ಜಿ ಪರದೆಯ ಮೇಲೆ ಹಾಗೇ ಇದೆ, 'ಕಳುಹಿಸು' ಒತ್ತಿಲ್ಲ.
ಯಂತ್ರ ವಾರಕ್ಕೊಮ್ಮೆ ಮರೆಯದೆ ನೆನಪಿಸುತ್ತದೆ:
ಹದಡಿ, ನಿಮ್ಮದೊಂದು ಕೆಲಸ ಬಾಕಿ ಇದೆ.