ಪಂಚನಾಮೆ

ಮೇ ತಿಂಗಳ ಎಂಟನೇ ತಾರೀಖು, ಮಧ್ಯಾಹ್ನ ಎರಡು ಹತ್ತಕ್ಕೆ,
ಜಮಖಂಡಿಯ ಹಳೇ ಕಚೇರಿ ಆವಾರದಲ್ಲಿ
ಮಳೆಮರದ ದಕ್ಷಿಣ ದಿಕ್ಕಿನ ಟೊಂಗೆ
ತಾನಾಗಿಯೇ ಕೆಳಗೆ ಬಂದಿದೆ.
ಸುತ್ತಳತೆ ನಾಲ್ಕೂವರೆ ಫೂಟು. ಉದ್ದಕ್ಕೆ ಟೇಪು ಸಾಲಲಿಲ್ಲ.

ಗಾಳಿ ಇರಲಿಲ್ಲ.
ಮಳೆ, ಮರದ ಹೆಸರಿನಲ್ಲಿ ಮಾತ್ರ.
ಕೊಡಲಿ ಗರಗಸ ಕಂಡುಬಂದಿಲ್ಲ,
ಮರಕ್ಕೆ ವೈರಿಗಳಿದ್ದ ಬಗ್ಗೆ ಮಾಹಿತಿಯೂ ಇಲ್ಲ.
ಚಹಾದ ನೀಲವ್ವ ಹೇಳಿಕೆ ಕೊಟ್ಟಳು:
"ಒಂದ ಎಲಿ ಅಲುಗಿದ್ರೂ ಸರದು ಕುಂಡರತಿದ್ವಿರಿ.
ಸಪ್ಪಳ ಆತು ಅನ್ನೂದರಾಗ ಬಿದ್ದಾಗಿತ್ತು."

ಅರ್ಜಿ ಬರೆಯುವ ರಾಜೇಸಾಬ ನದಾಫ
ಮೂವತ್ತೊಂದು ವರ್ಷ ಅದೇ ಟೊಂಗೆಯ ಅಡಿ ಕೂತವರು.
ಆ ಗಳಿಗೆಯಲ್ಲಿ ನೀರು ಕುಡಿಯಲು ಎದ್ದಿದ್ದರು.
ಕುರ್ಚಿ ನಾಲ್ಕೂ ಕಾಲು ಚಾಚಿ ಮಲಗಿದೆ.
ಟೈಪ್‌ರೈಟರಿನಲ್ಲಿ ಸಿಕ್ಕಿಕೊಂಡ ಹಾಳೆ
"ಮಾನ್ಯರೆ, ನಾನು ಈ ಮೂಲಕ"
ಎಂಬಲ್ಲಿಗೆ ನಿಂತಿದೆ.

ಬಡಿಗೇರ ಸಂಗಪ್ಪನನ್ನು ಕರೆಸಲಾಯಿತು.
ಮುರಿದ ಬಾಯಿಗೆ ಮೂಗು ಹಚ್ಚಿದ, ಹೆಬ್ಬೆರಳಿಂದ ಒತ್ತಿದ.
ಹುಳ ಇಲ್ಲ, ಪೊಳ್ಳಿಲ್ಲ. ಒಳಗೆಲ್ಲ ಹಸಿ.
"ಒಣಗಿದ್ದು ಹೇಳಿ ಬೀಳತದರಿ, ದಿನಾ ಒಂದೀಟು ಕಡ್ಡಿ ಉದುರಿಸಿ.
ಇದು ತುಂಬಿದ್ದು.
ಇಂಥಾ ಬಿಸಿಲಾಗ ಬೇರು ಕುಡೀತಾವ, ಎಲಿ ಬೆವರೂದಿಲ್ಲ.
ಭಾರ ಎಲ್ಲಿ ಇಳೀಬೇಕು?"
ಸ್ವಲ್ಪ ತಡೆದು,
"ನನ್ನ ಅಂದಾಜರಿ ಇದು, ಬರಕೋಬ್ಯಾಡ್ರಿ" ಅಂದ.
ಬರೆದುಕೊಂಡೆ.

ಅರಣ್ಯ ಇಲಾಖೆಗೆ ಫೋನು ಹಚ್ಚಿದರೆ
ಅವರು ಹೇಳಿದ್ದೂ ಇಷ್ಟೇ: ವಯಸ್ಸಾದ ಮರ, ಧಗೆ, ಸದ್ದಿಲ್ಲದ ಮಧ್ಯಾಹ್ನ.
ಯಾಕೆಂದು ಯಾರೂ ಆಣೆ ಮಾಡಿ ಹೇಳಲಾರರು.

ಆದರೆ ಕಾರಣದ ಕಾಲಂ ಖಾಲಿ ಬಿಡುವಂತಿಲ್ಲ.
ಬೆಳಕಿನ ಕಡೆ ಅತಿಯಾಗಿ ಚಾಚಿದ್ದರಿಂದ, ಎಂದು ಬರೆದೆ.
ಹೊಡೆದು ಹಾಕಿದೆ.
ಬಹಳ ವರ್ಷ ಎಲ್ಲರನ್ನೂ ತಂಪಾಗಿಟ್ಟಿದ್ದರಿಂದ, ಎಂದು ಬರೆದೆ.
ಮರವನ್ನು ಮನುಷ್ಯರಿಗೆ ಹೋಲಿಸುವ ಅಧಿಕಾರ
ದ್ವಿತೀಯ ದರ್ಜೆ ಸಹಾಯಕಿಗೆ ಇಲ್ಲ.
ಅದನ್ನೂ ಹೊಡೆದೆ. ಕೆಳಗಿನದು ಇನ್ನೂ ಓದಲು ಬರುತ್ತದೆ.

ಸಂಜೆ ಆರೂವರೆಗೆ ಮರ ದಿನದಂತೆ ಎಲೆ ಮಡಚಿತು.
ನೆಲದ ಮೇಲಿದ್ದ ಟೊಂಗೆಯೂ ಮಡಚಿತು,
ಅದಕ್ಕಿನ್ನೂ ಸುದ್ದಿ ಮುಟ್ಟಿರಲಿಲ್ಲ.

ಮರುದಿನ ಉರಿಬಿಸಿಲು. ಪಂಚರು ಐದು ಜನ.
ಸಹಿ ಮಾಡಲು
ಉತ್ತರದ ಟೊಂಗೆಯ ಕೆಳಗೆ ಬಂದು ನಿಂತರು,
ಒಬ್ಬೊಬ್ಬರಾಗಿ ಮೇಲೆ ನೋಡಿದರು,
ಮಾಡಿದರು.
ಆವಾರದಲ್ಲಿ ಬೇರೆ ನೆರಳಿಲ್ಲ.