ಒಂದು ಬೆರಳು ಗಾಜು

ಮೋಟೆಬೆನ್ನೂರ ದಾಟಿ ಬ್ಯಾಡಗಿ ಹಾದಿ ಹಿಡದಿದ್ದಷ್ಟ,
ಲೈನು ನಿಂತು ಮೂರು ತಾಸಾತು.
ಮುಂದ ಎಷ್ಟು ಗಾಡಿ ಅಂತ ಎಣಿಸಾಕ ಹೋದವ
ಎಪ್ಪತ್ತಕ್ಕ ಸಾಕಾಗಿ ತಿರುಗಿ ಬಂದೆ,
ಕಿವಿ ಎರಡೂ ಅಲ್ಲೇ ಎಲ್ಲೋ ಬಿಟ್ಟು ಬಂದಂಗ.
ನಾಳೆ ಸೋಮವಾರದ ಪ್ಯಾಟಿ.
ಇವತ್ತಿನ ರಾತ್ರಿ ಯಾರದೂ ಅಲ್ಲ.

ದಾವಲಸಾಬಣ್ಣ ಬಾನೆಟ್ಟಿನ ಮ್ಯಾಲ ಅಂಗೈ ಇಟ್ಟು ನೋಡ್ತಾನ
ಜ್ವರ ಬಂದ ಕೂಸಿನ ಹಣಿ ಮುಟ್ಟಿದಂಗ.
"ಇನ್ನೊಂದು ತಾಸಿನ ಬಿಸಿ ಐತಿ ಇದರಾಗ.
ನೀ ಇದರ ಮ್ಯಾಲ ಮಕ್ಕೋ."
ಡೀಸೆಲ್ ಸುಡಬಾರದು, ಇಂಜಿನ್ ಬಂದ್.
ಸಾವಕಾರರ ಲೆಕ್ಕದಾಗ ಥಂಡಿಗೆ ಖರ್ಚು ಬರಿಯೂ ಕಾಲಮ್ಮಿಲ್ಲ.

ಆಮ್ಯಾಲ ಅಣ್ಣನ ಪಾಠ ಚಾಲೂ:
ಕೆಳಗೊಂದು ಗೋಣಿಚೀಲ ಹಾಸು, ಥಂಡಿ ಮ್ಯಾಲಿಂದಲ್ಲ,
ಬುಡದಿಂದ ಏರ್ತೈತಿ.
ಹಳೇ ಪೇಪರ್ ಅಂಗಿ ಒಳಗ, ಎದಿಗೆ ಹತ್ತಿಸಿ.
(ನನ್ನ ಎದಿ ಮ್ಯಾಲ ಹೋದ ವಾರದ ಅಡಕಿ ಧಾರಣಿ,
ಯಾರದೋ ಮದವಿ, ಯಾರದೋ ತಿಥಿ.)
ಚಾದಂಗಡಿ ಬಿಸಿನೀರು ಬಾಟ್ಲಿಗೆ ತುಂಬಿ
ಪಾದದ ನಡುವ ಇಟಕೋ,
ಕಾಲು ಬೆಚ್ಚಗಾದರ ತಲಿ ತಾನ ಮಲಗ್ತೈತಿ.
ಉಚ್ಚಿ ಹೊಯ್ದು ಬಾ ಮೊದಲ.
"ತಡಕೊಂಡು ಮಲಗಿದವ ಎರಡು ಪಟ್ಟು ನಡಗ್ತಾನ,
ನಗಬ್ಯಾಡ, ಇಪ್ಪತ್ತೆರಡು ವರ್ಷದ ಮಾತಿದು."

ಕೌದಿ ಒಂದ. ಬೆಟಗೇರಿಯೊಳಗ ಮಾಲನಬಿ ಅಕ್ಕ ಹೊಲಿದಿದ್ದು.
ಹರದ ಸೀರಿ, ಮಕ್ಕಳ ಸಾಲಿ ಅಂಗಿ,
ಅಣ್ಣನದ ಒಂದು ಖಾಕಿ ಕಿಸೆ,
ಗುಂಡಿ ಸೈತ ಹಂಗ ಐತಿ.
ಆ ಕಿಸೆದಾಗ ನಾ ಕೈ ಇಟ್ಟೆ.

ನಮ್ಮ ಬೆನ್ನಿಗೆ ತೊಂಬತ್ತು ಚೀಲ ಡಬ್ಬಿ ಮೆಣಸಿನಕಾಯಿ.
ಘಾಟು ಮೂಗಿಗೆ ಬರತೈತಿ, ಕಾವು ಮೈಗೆ ಬರೂದಿಲ್ಲ.
"ಬಣ್ಣ ಅಷ್ಟಪಾ ಇದು," ಅಂತಾನ ಅಣ್ಣ,
"ಬೆಂಕಿ ಕಂಡಂಗ ಕಾಣತೈತಿ, ಖಾರ ಇಲ್ಲ.
ಈ ಊರಾಗ ಮೆಣಸಿನಕಾಯಿಗೂ ಥಂಡಿ ಕೋಲಿ ಕಟ್ಟ್ಯಾರ,
ಅದಕ್ಕ ಭಾಡಿಗಿ ಬ್ಯಾರೆ."

ಎಲ್ಲಾ ಆತು. ಬಾಗಿಲ ಸಂದಿಗೆ ಅರಿವಿ ತುರುಕಿದೆ.
ಆಗ ಅಂವ ಎದ್ದು ತನ್ನ ಕಡೆ ಗಾಜು
ಒಂದು ಬೆರಳು ಇಳಿಸಿದ.
ಗಾಳಿ ಸೂಜಿ ಹಂಗ ಬಂತು, ಸೀದಾ ನನ್ನ ಕುತಗಿಗೆ.
ಅಂವ ಆಕಳಿಸಿದ ಮ್ಯಾಲ ನಾ ಏರಿಸಿದೆ.
ಸುಮ್ಮನ ಇಳಿಸಿದ.
ಮತ್ತ ಏರಿಸಿದೆ.
ಮತ್ತ ಇಳಿಸಿದ. ಬೈಲಿಲ್ಲ.

"ಮೈಲಾರಪ್ಪ ಅಂತ ಒಬ್ಬನಿದ್ದ,
ನಾ ಅವನ ಕ್ಲೀನರ್. ನಿನ್ನಷ್ಟ ಇದ್ದೆ.
ತಡಸ ಕ್ರಾಸಿನ್ಯಾಗ ಇಂಥಾದ ಒಂದು ರಾತ್ರಿ
ಶೆಗಡಿ ಒಳಗ ತಂದ, ನಾಕು ಕೆಂಡ ಹಾಕಿ.
ನನಗ ಹೊಗಿ ಆಗೂದಿಲ್ಲ, ಕೆಮ್ಮಿ ಕೆಮ್ಮಿ
ಹಿಂದ ತಾಡಪತ್ರಿ ಒಳಗ ಹೋಗಿ ಮಲಗಿದೆ.
ರಾತ್ರಿಪೂರಾ ಅವನ್ನ ಬೈದೆ, ಒಬ್ಬನ ಬೆಚ್ಚಗ ಮಲಗ್ಯಾನ ಅಂತ.
ಮುಂಜಾನಿ ಬಾಗಿಲ ತಗದೆ.
ಒಳಗ ಇನ್ನೂ ಬೆಚ್ಚಗಿತ್ತು.
ಮಾರಿ ಕೆಂಪಗ ಇತ್ತಪಾ, ಆಗಷ್ಟ ನಕ್ಕವನ ಹಂಗ."

ಮುಂದ ಏನೂ ಹೇಳಲಿಲ್ಲ.
ಕೌದಿ ನನ್ನ ಕಡೆ ಒಂದು ಗೇಣು ಸರಿಸಿ
ಗೋಡಿ ಕಡೆ ತಿರುಗೋ ಹಂಗ ಬಾಗಿಲ ಕಡೆ ತಿರುಗಿದ.

ಎಷ್ಟೊತ್ತಿಗೋ ಬಾನೆಟ್ ತಣ್ಣಗಾತು.
ಬಾಟ್ಲಿ ತಣ್ಣಗಾತು. ಮುಂದಿನ ಗಾಡಿಯವ ಕೆಮ್ಮಿದ,
ಅವನ ಮುಂದಿನವ ಕೆಮ್ಮಿದ,
ಕೆಮ್ಮು ಗಾಡಿಯಿಂದ ಗಾಡಿಗೆ ಬ್ಯಾಡಗಿ ಮುಟ್ಟಿತು.
ನನಗ ನಿದ್ದಿ ಇಲ್ಲ. ಅಣ್ಣನ ಉಸರು ಎಣಸ್ತಾ ಇದ್ದೆ,
ಲೈನಿನ ಗಾಡಿ ಎಣಿಸಿದಂಗ,
ಎಪ್ಪತ್ತಕ್ಕ ಬಿಡಲಿಲ್ಲ.

ಎದ್ದು, ಅವನ ಮ್ಯಾಲಿಂದ ಕೈ ಚಾಚಿ,
ಗಾಜಿನ ಸಂದಿಗೆ ನನ್ನ ಬೆರಳು ಇಟ್ಟು ನೋಡಿದೆ.
ಬಿಗಿಯಾಗಿ ಕುಂತಿತು.
ಆದರ ನನ್ನ ಬೆರಳು ಸಣ್ಣದು.
ಅಣ್ಣಂದು ದಪ್ಪ.
ಇನ್ನೊಂದೀಟು ಇಳಿಸಿದೆ.