ಎಂಬತ್ತೇಳು

ಅಕ್ಕಲಕೋಟೆಯ ಬಿಸಿಲಿಗೆ ಈ ಹಲಗೆ ಕುಗ್ಗುತ್ತಿತ್ತು.
ಕಂಬಿ ಕಂಬಿಯನ್ನು ತಳ್ಳಿ
ಸೇತುವೆಯ ಬಳಿ ಬಿಲ್ಲಾಗುತ್ತಿತ್ತು.
ವರ್ಗದ ಕಾಗದವಿಲ್ಲದೆ ನಾನೇ ವರ್ಗವಾಗಿ
ಉಪ್ಪಳಕ್ಕೆ ಬಂದೆ. ಅದೇ ಹಲಗೆ ಇಲ್ಲಿ
ಸದ್ಯ ಉಂಡೆದ್ದವರ ಹೊಟ್ಟೆಯಂತೆ ಉಬ್ಬಿತು.
ಈಗ ಸಂದುಗಳು ಬಾಯಿಬಿಟ್ಟು
ಗಾಡಿ ಎಡವುತ್ತದೆ.

ದೊಡ್ಡ ಗಾಡಿಯನ್ನು ಎಂಬತ್ತೇಳರಿಂದ ಭಾಗಿಸಿದರೆ
ನನ್ನ ಗಾಡಿ.
ಗೋಡೆಯ ಮೇಲಿನ ತೇವಮಾಪಕದ ಮುಳ್ಳೂ
ಜೂನ್ ಹತ್ತರಿಂದ ಎಂಬತ್ತೇಳರಲ್ಲೇ ಕೂತಿದೆ.
ಲೆಕ್ಕದ ಟೀಚರಿಗೆ ಇದೊಂದು ತಮಾಷೆ.
ಎಂಜಿನ್ನು, ಸಿಗ್ನಲ್ಲು, ನೀರಿನ ಟ್ಯಾಂಕಿ,
ಕೊಡೆ ಹಿಡಿದ ಮೂವರು ಪ್ರಯಾಣಿಕರು
ಎಲ್ಲವನ್ನೂ ಶೇಷವಿಲ್ಲದೆ ಭಾಗಿಸಿದೆ.
ಗಾಳಿಯನ್ನು ಆಗಲಿಲ್ಲ.
ಕಡಲು ಕಿಟಕಿಯಿಂದ ಪೂರ್ತಿ ಅಳತೆಯಲ್ಲೇ ಬರುತ್ತದೆ.

ಪ್ಲಾಸ್ಟರಿನ ಗುಡ್ಡಕ್ಕೆ ಬೂಸ್ಟು ಬಂತು.
ನಾನು ಹೊಟ್ಟಿಗೆ ಬಣ್ಣ ಕಲಸಿ ಚೆಲ್ಲಿದ ಹುಲ್ಲಿಗಿಂತ
ಅದರ ಹಸಿರು ಚೆಂದ.
ವಿನೆಗರ್ ಅದ್ದಿ ಒರೆಸಿದೆ,
ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ.
ಮೇಜಿನ ಕೆಳಗೆ ನಲವತ್ತರ ಬಲ್ಬು
ಕೋಳಿಮರಿಗೆ ಇಟ್ಟ ಹಾಗೆ ರಾತ್ರಿಯಿಡೀ.
ಹೊರಗೆ ಮಂಗಳೂರಿನ ಲೋಕಲ್
ನೆನೆದುಕೊಂಡೇ ಹೋಗುತ್ತದೆ.
ಅದಕ್ಕೆ ಶೀತವಿಲ್ಲ, ನೆಗಡಿಯಿಲ್ಲ.

ಪಕ್ಕದ ಮನೆಯ ಮಿಸ್ರಿಯಾಳ ಮಗ ಸಿನಾನ್,
ಕನ್ನಡ ಶಾಲೆಯ ಒಂದನೇ ಕ್ಲಾಸು,
ಮುಷ್ಟಿ ಬಿಚ್ಚಿ ತೋರಿಸುತ್ತಾನೆ: ಬಿಳಿಯ ಪೊಟ್ಟಣ.
ಶಾರ್ಜಾದಿಂದ ಅವನ ಉಪ್ಪ ಕಳಿಸಿದ
ಶೂ ಡಬ್ಬಿಯೊಳಗೆ ಇತ್ತಂತೆ.
ತಿನ್ನಬಾರದೆಂದು ಮೂರು ಭಾಷೆಯಲ್ಲಿ ಬರೆದಿದೆ.
ಒಳಗೆ ಮರಳುಗಾಡಿನ ಒಣಹವೆ,
ಒಂದು ಚಮಚದಷ್ಟು.
ಕುಡಿದು ಕುಡಿದು ಅದರ ದಾಹ ತೀರಿದಾಗ
ಕಾಳು ಬಿಡಿಸಿ, ಬಾಣಲೆಯಲ್ಲಿ ಹುರಿದು
ಮತ್ತೆ ಬಾಯಾರಿಸುತ್ತೇನೆ.
ಶೂ ಮಾತ್ರ ಹುಡುಗನ ಕಾಲಿಗೆ ಹಿಡಿಯಲಿಲ್ಲ.
ಶಾರ್ಜಾದಲ್ಲಿ ಅವನು ಇನ್ನೂ
ಹೋದ ಪೆರ್ನಾಳಿನ ಅಳತೆ.

ನಿನ್ನೆ ಸ್ಟೇಷನ್ನಿನ ಬೋರ್ಡಿನಿಂದ
ಹಸಿಗೆ ಒಂದು ಅಕ್ಷರ ಕಳಚಿತು.
ಸಿನಾನ್ ಗಲ್ಲ ಮೇಜಿಗಿಟ್ಟು, ಒಂದು ಕಣ್ಣು ಮುಚ್ಚಿ
ಪ್ರಯಾಣಿಕರ ಎತ್ತರದಿಂದ ಓದಿದ.
ಉ. ಪ್ಪ.
'ಟೀಚರೇ, ಇದು ನಮ್ಮ ಉಪ್ಪನ ಸ್ಟೇಷನಾ?'

ಬಿದ್ದ ಳಕಾರ ಸಿಕ್ಕಿತು,
ಗೂಡ್ಸಿನ ಎರಡನೇ ಬೋಗಿಯ ತಲೆಯ ಮೇಲೆ
ಟಿಕೆಟ್ಟಿಲ್ಲದೆ ಕೂತಿತ್ತು.
ಅಂಟಿನ ಡಬ್ಬಿ ತೆರೆದೆ.
ಈ ಹವೆಗೆ ಅಂಟು ಹಿಡಿಯುವುದಿಲ್ಲ
ಎಂದು ಯಾರೂ ಕೇಳದಿದ್ದರೂ ಹೇಳಿ
ಮುಚ್ಚಳ ಬಿಗಿದೆ.

ಗಾಡಿ ನಿಂತಿದೆ,
ಪ್ಲಾಟ್‌ಫಾರ್ಮಿಗೆ ಇನ್ನು ಒಂದು ಗೇಣು.
ಕಂಬಿಯ ಮೇಲೆ ಉಪ್ಪುಗಾಳಿಯ ಕಪ್ಪು.
ಶಾಲೆಯ ಚೀಲದಿಂದ ರಬ್ಬರು ತೆಗೆದು
ಸಿನಾನ್ ಉಜ್ಜುತ್ತಿದ್ದಾನೆ,
ನಾಲಗೆ ಹೊರಗೆ ಹಾಕಿ,
ತಪ್ಪು ಬರೆದದ್ದನ್ನು ಅಳಿಸುವ ಹಾಗೆ.